ಹುಳಕ್ಕೊಂದು ಮೋಡ: ಕಡಿಮೆ ಖರ್ಚಿನ ಮ್ಯಾಕ್ರೊ ಫ್ಲಾಷ್

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮದೊಂದು ಅಡಿಕೆ ತೋಟವಿದೆ. ನನ್ನಲ್ಲಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಒಂದು ಸೆಟ್ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಪೊಳ್ಳು ಬಳೆಗಳು) ಇವೆ. ತೋಟದ ಜೇಡ, ಇರುವೆ, ಜೀರುಂಡೆಗಳ ಫೋಟೊ ತೆಗೆಯುವ ಹುಚ್ಚು. ಫ್ಲಾಷ್ ಇಲ್ಲದೆ ತೆಗೆದರೆ ಎಲ್ಲವೂ ಅಲುಗಿ ಮಸುಕಾಗುತ್ತದೆ. ಕ್ಯಾಮೆರಾದ್ದೇ ಪಾಪ್‌ಅಪ್ ಫ್ಲಾಷ್ ಎಬ್ಬಿಸಿದರೆ ಹುಳದ ಬೆನ್ನ ಮೇಲೆ ಸುಣ್ಣ ಬಳಿದಂತೆ ಬಿಳಿ ಚುಕ್ಕೆ, ಚಿತ್ರದ ಕೆಳಗಿನ ಅರ್ಧಕ್ಕೆ ಲೆನ್ಸಿನ ನೆರಳು. ಮ್ಯಾಕ್ರೊಗೆಂದೇ, ಅಂದರೆ ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವುದಕ್ಕೆಂದೇ, ಬರುವ ಜೋಡಿ ಫ್ಲಾಷಿನ ಬೆಲೆ ಕೇಳಿ ಸುಮ್ಮನಾದೆ. 8,000 ರೂಪಾಯಿಯೊಳಗೆ ಏನಾದರೂ ದಾರಿ ಇದೆಯೇ? ಲೆನ್ಸಿನ ಮೂತಿಗೆ ಸಿಕ್ಕಿಸುವ ಅಗ್ಗದ ಎಲ್‌ಇಡಿ ರಿಂಗ್ ಕೊಂಡರೆ ಸಾಕೇ?

ಉತ್ತರ: ಎಲ್‌ಇಡಿ ರಿಂಗಿನ ಮಾತು ಮೊದಲು ಮುಗಿಸಿಬಿಡೋಣ. ಕೊಳ್ಳಬೇಡಿ. ಕಣ್ಣಿಗೆ ಕುಕ್ಕುವ ಹಾಗೆ ಉರಿಯುತ್ತದೆ ನಿಜ, ಕ್ಯಾಮೆರಾಕ್ಕೆ ಅದು ಎಲ್ಲಿಗೂ ಸಾಲದು. ಕ್ಯಾಮೆರಾದ ನೆತ್ತಿಯ ಮೇಲೆ ಕೂರುವ ಸಾಮಾನ್ಯ ಫ್ಲಾಷ್ ಪೂರ್ತಿ ಶಕ್ತಿಯಲ್ಲಿ ಒಮ್ಮೆ ಮಿಂಚಿದರೆ ಸುಮಾರು 60 ಜೂಲ್ ಖರ್ಚಾಗುತ್ತದೆ. ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಸಿದರೂ ಹತ್ತಿರ ಹತ್ತಿರ 4 ಜೂಲ್. 10 ವಾಟಿನ ಎಲ್‌ಇಡಿಗೆ ಶಟರ್ ತೆರೆದಿರುವ 1/200 ಸೆಕೆಂಡಿನಲ್ಲಿ ಸಿಗುವುದು 0.05 ಜೂಲ್. ಎಂಬತ್ತು ಪಟ್ಟು ಕಡಿಮೆ. ಎಲ್‌ಇಡಿ ಕರೆಂಟನ್ನು ಫ್ಲಾಷಿಗಿಂತ ಚೆನ್ನಾಗಿ ಬೆಳಕು ಮಾಡುತ್ತದೆಂದು ಅರ್ಧ ರಿಯಾಯಿತಿ ಕೊಟ್ಟರೂ ನಲವತ್ತು ಪಟ್ಟು. ಫೋಕಸ್ ಮಾಡಲು ಟಾರ್ಚಿನಂತೆ ಬಳಸಬಹುದು, ಆದರೆ ಆ ಕೆಲಸಕ್ಕೆ ಮನೆಯಲ್ಲಿರುವ ಸಣ್ಣ ಟಾರ್ಚೇ ಆದೀತು.

ನಿಮ್ಮ ಚಿತ್ರಗಳು ಅಲುಗುವುದಕ್ಕೆ ನಿಮ್ಮ ಕೈಯನ್ನು ದೂರಬೇಡಿ. ಹುಳ ಇರುವಷ್ಟೇ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡುವುದನ್ನು ಒಂದಕ್ಕೆ ಒಂದು ಎನ್ನುತ್ತೇವೆ. ಆ ಹಂತದಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಎಫ್/11ರಷ್ಟು ಕಿರಿದಾಗಿ ಇಟ್ಟರೂ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಫೋಕಸ್ಸಿನಲ್ಲಿ ಉಳಿಯುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಹಾಗಾಗಿ ಅಪರ್ಚರ್ ಅಗಲ ಮಾಡುವ ಹಾಗಿಲ್ಲ. ಇನ್ನೊಂದು ಪೆಟ್ಟು ಇದೆ. ಲೆನ್ಸನ್ನು ಟ್ಯೂಬಿನಿಂದ ಮುಂದೆ ತಳ್ಳಿದ ಹಾಗೆಲ್ಲ ಬೆಳಕು ಸೋರಿಹೋಗುತ್ತದೆ. ಒಂದಕ್ಕೆ ಒಂದರಲ್ಲಿ ನೀವು ಇಟ್ಟ ಎಫ್/11 ನಿಜಕ್ಕೂ ಎಫ್/22ರಷ್ಟೇ ಬೆಳಕು ಬಿಡುತ್ತದೆ. ಸುಡುಬಿಸಿಲಿನಲ್ಲಿ ಐಎಸ್‌ಒ 100 (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಇಟ್ಟರೆ ಆಗ ಬೇಕಾಗುವ ಶಟರ್ 1/50 ಸೆಕೆಂಡ್. ಅಡಿಕೆ ತೋಟದ ನೆರಳಿನಲ್ಲಿ ಬೆಳಕು ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿದರೆ ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟು ಹೊತ್ತು ನೀವು ಉಸಿರು ಕಟ್ಟಿ ನಿಂತರೂ ಎಲೆ ನಿಲ್ಲಬೇಕಲ್ಲ!

ಫ್ಲಾಷ್ ಈ ತಾಪತ್ರಯವನ್ನು ಬಗೆಹರಿಸುವುದು ಬೆಳಕಿನ ಪ್ರಮಾಣದಿಂದ ಮಾತ್ರವಲ್ಲ, ಬೆಳಕಿನ ಚುಟುಕುತನದಿಂದ. ಈ ತರಹದ ಫ್ಲಾಷ್‌ಗಳು ಶಕ್ತಿ ಇಳಿಸಲು ದೀಪವನ್ನು ಮಂಕು ಮಾಡುವುದಿಲ್ಲ, ಬೇಗ ಆರಿಸುತ್ತವೆ. 1/16 ಶಕ್ತಿಯಲ್ಲಿ ಮಿಂಚು ಸಾಮಾನ್ಯವಾಗಿ ಸೆಕೆಂಡಿನ ನಾಲ್ಕೈದು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ. ನಿಮ್ಮ ಕೈ ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೂಗಾಡುತ್ತಿದೆ ಎನ್ನಿ. 1/200 ಸೆಕೆಂಡಿನಲ್ಲಿ ಚಿತ್ರ 0.05 ಮಿ.ಮೀ. ಜಾರುತ್ತದೆ, ಅಂದರೆ ಈಗಿನ ಸೆನ್ಸರಿನಲ್ಲಿ ಹತ್ತು ಹನ್ನೆರಡು ಪಿಕ್ಸೆಲ್. 1/4000ದಲ್ಲಿ ಒಂದು ಪಿಕ್ಸೆಲ್ ಕೂಡ ಜಾರುವುದಿಲ್ಲ. ಟ್ರೈಪಾಡ್ ಹೊತ್ತು ತೋಟ ತಿರುಗುವ ಕಷ್ಟವೂ ಇಲ್ಲಿಗೆ ತಪ್ಪಿತು.

ಇನ್ನು ಬಿಳಿ ಚುಕ್ಕೆಯ ವಿಷಯ. ನಿಮ್ಮ ಪ್ರಶ್ನೆಯ ತಿರುಳೇ ಅದು.

ಸೂರ್ಯನಿಗಿಂತ ದೊಡ್ಡ ದೀಪ ನಮಗೆ ಗೊತ್ತಿಲ್ಲ. ಆದರೂ ನಡು ಮಧ್ಯಾಹ್ನದ ಬಿಸಿಲಿನಲ್ಲಿ ನೆರಳು ಕತ್ತರಿಸಿ ಇಟ್ಟಂತೆ ಬೀಳುತ್ತದೆ. ಏಕೆಂದರೆ ನಾವಿರುವ ಜಾಗದಿಂದ ನೋಡಿದರೆ ಅವನು ಅರ್ಧ ಡಿಗ್ರಿಯ ಚುಕ್ಕೆ. ಕೈ ಚಾಚಿ ಕಿರುಬೆರಳು ಎತ್ತಿದರೆ ಮರೆಯಾಗುತ್ತಾನೆ. ಅದೇ ಆಷಾಢದ ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ. ಅಂಗಳದಲ್ಲಿ ನಿಂತವರ ಮುಖದಲ್ಲಿ ಗಟ್ಟಿ ನೆರಳೇ ಇರುವುದಿಲ್ಲ. ಹುಳದ ಕಡೆಯಿಂದ ನೋಡಿ ಅದಕ್ಕೊಂದು ಮೋಡ ಕಟ್ಟಿಕೊಡಬೇಕು, ಕೆಲಸ ಇಷ್ಟೇ. ಹುಳ ಚಿಕ್ಕದಾದ್ದರಿಂದ ಮೋಡ ಅಂಗೈಯಷ್ಟಿದ್ದರೆ ಸಾಕು, ಆದರೆ ಹುಳದ ತಲೆಯ ಮೇಲೇ ಇರಬೇಕು. 15 ಸೆಂ.ಮೀ. ಅಗಲದ ಹಾಳೆಯನ್ನು ಹುಳದಿಂದ 8 ಸೆಂ.ಮೀ. ದೂರದಲ್ಲಿ ಹಿಡಿದರೆ ಅದರ ಕಣ್ಣಿಗೆ ಎಂಬತ್ತೈದು ಡಿಗ್ರಿಗೂ ಮೀರಿದ ಆಕಾಶ. ಅದೇ ಹಾಳೆಯನ್ನು 30 ಸೆಂ.ಮೀ. ದೂರಕ್ಕೆ ಒಯ್ದರೆ ಇಪ್ಪತ್ತೆಂಟು ಡಿಗ್ರಿ. ಫ್ಲಾಷಿನ ತಲೆಗೆ ಸಿಕ್ಕಿಸುವ ಅಂಗಡಿಯ ಪುಟ್ಟ ಸಾಫ್ಟ್‌ಬಾಕ್ಸುಗಳು ಮ್ಯಾಕ್ರೊಗೆ ಬಾರದಿರುವುದು ಇದಕ್ಕೇ. ಅವು ಕ್ಯಾಮೆರಾದ ಮೇಲೇ ಉಳಿಯುತ್ತವೆ, ಹುಳ ಅಷ್ಟು ದೂರದಲ್ಲಿರುತ್ತದೆ. ನಾನೂ ಒಂದನ್ನು ಕೊಂಡಿದ್ದೆ. ಈಗ ಅದರಲ್ಲಿ ಹಳೆ ಸೆಲ್ಲುಗಳನ್ನು ತುಂಬಿಟ್ಟಿದ್ದೇನೆ.

ಹಾಗಾಗಿ ನಿಮ್ಮ ದುಡ್ಡು ಫ್ಲಾಷಿಗೆ ಹೋಗಲಿ, ಆದರೆ ಬುದ್ಧಿ ಪೂರ್ತಿ ಡಿಫ್ಯೂಸರಿಗೆ, ಅಂದರೆ ಬೆಳಕನ್ನು ಹರಡುವ ಆ ಮೋಡಕ್ಕೆ, ಹೋಗಲಿ.

ಫ್ಲಾಷ್ ಆರಿಸುವುದು ಸುಲಭ. ಶಕ್ತಿಯನ್ನು ಕೈಯಾರೆ 1/1ರಿಂದ 1/128ರವರೆಗೆ ಇಳಿಸಬಲ್ಲ, ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಯಾವುದೇ ಮ್ಯಾನುಯಲ್ ಫ್ಲಾಷ್ ಆದೀತು. ಗೊಡಾಕ್ಸ್ ಟಿಟಿ600, ಯಾಂಗ್‌ನುವೊ 560 ಈ ಜಾತಿಯವು. ತಾನೇ ಅಳೆದು ಬೆಳಕು ಕೊಡುವ ಟಿಟಿಎಲ್ ಫ್ಲಾಷಿಗೆ ಹೆಚ್ಚು ಹಣ ಕೊಡುವುದು ಬೇಡ. ಮದುವೆ ಫೋಟೊ ತೆಗೆಯುವವರಿಗೆ ಅದು ಬೇಕು, ಅವರಿಗೂ ಅತಿಥಿಗಳಿಗೂ ನಡುವಿನ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಮ್ಯಾಕ್ರೊದಲ್ಲಿ ಒಂದಕ್ಕೆ ಒಂದು ಎಂದು ಗಟ್ಟಿ ಮಾಡಿಕೊಂಡರೆ ಲೆನ್ಸಿಗೂ ಹುಳಕ್ಕೂ ದೂರ ಯಾವಾಗಲೂ ಅಷ್ಟೇ. ಫ್ಲಾಷ್ ಲೆನ್ಸಿನ ಜೊತೆಗೇ ಚಲಿಸುವುದರಿಂದ ಬೆಳಕೂ ಅಷ್ಟೇ. ಒಮ್ಮೆ ಹೊಂದಿಸಿದರೆ ಇಡೀ ದಿನ ಮುಟ್ಟಬೇಕಿಲ್ಲ.

ಶಕ್ತಿ ಸಾಲುತ್ತದೆಯೇ ಎಂದು ಅನುಮಾನ ಬರುವುದು ಸಹಜ. ಪೆಟ್ಟಿಗೆಯ ಮೇಲೆ ಗೈಡ್ ನಂಬರ್ 60 ಎಂದಿರುತ್ತದೆ, ಅಂದರೆ ಫ್ಲಾಷಿನ ಪೂರ್ತಿ ಬೆಳಕು ಸಾಕಾಗುವ ಎಫ್ ಸಂಖ್ಯೆಯನ್ನು ಮೀಟರಿನ ದೂರದಿಂದ ಗುಣಿಸಿದ್ದು. ಅದು ಫ್ಲಾಷಿನ ಜೂಮನ್ನು ಪೂರ್ತಿ ಚಾಚಿ ಅಳೆದದ್ದು. ಅಗಲಕ್ಕೆ ಹರಡಿದಾಗ ಅರ್ಧ, 30 ಎಂದಿಟ್ಟುಕೊಳ್ಳಿ. ಡಿಫ್ಯೂಸರ್ ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ನುಂಗಿದರೆ ಉಳಿಯುವುದು ಹತ್ತೂವರೆ. ನಿಮಗೆ ಬೇಕಾದದ್ದು ಎಷ್ಟು? ನಿಜವಾದ ಅಪರ್ಚರ್ 22, ದೂರ 0.15 ಮೀಟರ್. ಗುಣಿಸಿದರೆ 3.3. ಹತ್ತೂವರೆಯನ್ನು ಅದರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತು ಬರುತ್ತದೆ. ಅಂದರೆ ಐಎಸ್‌ಒ 100ರಲ್ಲೇ ಫ್ಲಾಷಿನ ಹತ್ತನೇ ಒಂದು ಭಾಗ ಸಾಕು. ಐಎಸ್‌ಒ 200ಕ್ಕೆ ಏರಿಸಿದರೆ 1/16ರ ಹತ್ತಿರ ಬಂದಿರಿ. ಅಂದಾಜಿನ ಲೆಕ್ಕವೇ ಸರಿ, ಆದರೆ ಅಗ್ಗದ ಫ್ಲಾಷ್ ಇಲ್ಲಿ ಏದುಸಿರು ಬಿಡುವುದಿಲ್ಲ ಎಂಬುದಕ್ಕೆ ಇಷ್ಟು ಸಾಕಲ್ಲ.

ಕೊಳ್ಳುವ ಮೊದಲು ಕ್ಯಾಮೆರಾದ ಹಾಟ್‌ಶೂವನ್ನು (ಫ್ಲಾಷ್ ಕೂರುವ ನೆತ್ತಿಯ ಜಾಗ) ಒಮ್ಮೆ ಬಗ್ಗಿ ನೋಡಿ. ನಡುವೆ ಒಂದು ದೊಡ್ಡ ಲೋಹದ ಚುಕ್ಕೆ ಇರಬೇಕು. ಮ್ಯಾನುಯಲ್ ಫ್ಲಾಷಿಗೆ ಹೊಡೆ ಎಂಬ ಅಪ್ಪಣೆ ಹೋಗುವುದು ಅದರಿಂದಲೇ. ಕ್ಯಾನನ್ 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳಲ್ಲಿ ಆ ಚುಕ್ಕೆಯೇ ಇಲ್ಲ. ಅವುಗಳ ಮೇಲೆ ಇಂತಹ ಫ್ಲಾಷ್ ಕೂರುತ್ತದೆ, ಮಿಂಚುವುದಿಲ್ಲ. ಸೋನಿಯ ಹಳೆ ಡಿಎಸ್‌ಎಲ್‌ಆರ್‌ಗಳ ಶೂ ಆಕಾರವೇ ಬೇರೆ.

ಊರಿನ ಸ್ಟುಡಿಯೋದವರು ಫಿಲ್ಮ್ ಕಾಲದ ಫ್ಲಾಷ್ ಒಂದನ್ನು ಸುಮ್ಮನೆ ಕೊಟ್ಟಾರು. ಆಸೆ ಪಡಬೇಡಿ ಎನ್ನುವುದಿಲ್ಲ, ಆದರೆ ಮಲ್ಟಿಮೀಟರ್ ಹಿಡಿಯದೆ ಕ್ಯಾಮೆರಾದ ಮೇಲೆ ಏರಿಸಬೇಡಿ. ಅಂತಹ ಕೆಲವು ಫ್ಲಾಷ್‌ಗಳ ಕಾಲಿನಲ್ಲಿ 200 ವೋಲ್ಟಿಗೂ ಮೀರಿದ ಒತ್ತಡ ಇರುತ್ತದೆ. ಈಗಿನ ಕ್ಯಾಮೆರಾದ ಸೂಕ್ಷ್ಮ ಸರ್ಕ್ಯೂಟಿಗೆ ಅದು ಸಿಡಿಲು. ಫ್ಲಾಷ್ ಚಾರ್ಜ್ ಆಗಿ ದೀಪ ಹತ್ತಿದ ಮೇಲೆ ಕಾಲಿನ ನಡುವಿನ ಪಿನ್ನಿಗೂ ಅಂಚಿನ ಲೋಹಕ್ಕೂ ಮೀಟರಿನ ಕಡ್ಡಿ ಮುಟ್ಟಿಸಿ ನೋಡಿ. 6 ವೋಲ್ಟಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ಹಾಳಾದ ಫ್ಲಾಷನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸವಂತೂ ಬೇಡವೇ ಬೇಡ. ಒಳಗಿನ ಕೆಪಾಸಿಟರ್ ಸೆಲ್ ತೆಗೆದ ಮೇಲೂ 300 ವೋಲ್ಟಿನ ಆಸುಪಾಸು ಹಿಡಿದುಕೊಂಡು ಕಾಯುತ್ತಿರುತ್ತದೆ.

ಸೆಲ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು, ಒಂದು ಚಾರ್ಜರ್. ಬರೆದಿರುವ ವೋಲ್ಟೇಜ್ 1.2 ಮಾತ್ರ, ಅಂಗಡಿಯ ಆಲ್ಕಲೈನ್ ಸೆಲ್ಲಿನದು 1.5. ಆದರೂ ಫ್ಲಾಷ್ ಒಮ್ಮೆಲೇ ಕೇಳುವ ಕರೆಂಟನ್ನು ಕೊಡುವುದರಲ್ಲಿ ಇವೇ ಗಟ್ಟಿ, ಮಿಂಚಿನಿಂದ ಮಿಂಚಿಗೆ ಕಾಯುವ ಹೊತ್ತು ಕಡಿಮೆ. ಬೆಲೆ ಏರಿಳಿಯುತ್ತಿರುತ್ತದೆ, ಆದರೂ ನಿಮ್ಮ 8,000ದಲ್ಲಿ ಫ್ಲಾಷ್, ಸೆಲ್, ಚಾರ್ಜರ್ ಮೂರೂ ಬರುತ್ತವೆ. ಡಿಫ್ಯೂಸರಿಗೆ ಇನ್ನೂರು ರೂಪಾಯಿ ಇಟ್ಟುಕೊಳ್ಳಿ. ಅದೂ ಮಿಕ್ಕೀತು.

ಈಗ ಡಿಫ್ಯೂಸರ್. ಫ್ಲಾಷ್ ಕ್ಯಾಮೆರಾದ ಮೇಲೇ ನೆಟ್ಟಗೆ ಮುಂದೆ ನೋಡುತ್ತ ಕೂರಲಿ. ಅದರ ಮೂತಿಯಿಂದ ಒಂದು ಸುರಂಗ ಹೊರಟು ಲೆನ್ಸಿನ ಮೇಲೆ ಹಾದು, ಲೆನ್ಸಿನ ತುದಿಗಿಂತ ಎರಡು ಬೆರಳು ಮುಂದೆ ಬಂದು, ಅಲ್ಲಿ ಕೆಳಮುಖವಾಗಿ ಬಾಯಿ ತೆರೆಯಬೇಕು. ನಿಮ್ಮ 50 ಮಿ.ಮೀ. ಲೆನ್ಸಿಗೆ ಒಂದಕ್ಕೆ ಒಂದು ಬರಲು 50 ಮಿ.ಮೀ. ಟ್ಯೂಬ್ ಬೇಕು. ಸಾಮಾನ್ಯ ಸೆಟ್ಟಿನಲ್ಲಿರುವ 13, 21, 31 ಮಿ.ಮೀ.ಗಳಲ್ಲಿ ಕೊನೆಯ ಎರಡನ್ನು ಸೇರಿಸಿದರೆ 52. ಆಗ ಲೆನ್ಸಿನ ಮೂತಿಗೂ ಹುಳಕ್ಕೂ ನಾಲ್ಕು ಬೆರಳಿನಷ್ಟು ಅಂತರ. ಸುರಂಗದ ಉದ್ದ ಹನ್ನೆರಡು ಹದಿಮೂರು ಸೆಂಟಿಮೀಟರ್ ಆದೀತು, ನಿಮ್ಮ ಕ್ಯಾಮೆರಾದ ಮೇಲಿಟ್ಟು ಅಳೆದುಕೊಳ್ಳಿ.

ಸುರಂಗಕ್ಕೆ ಕಪ್ಪು ಪ್ಲಾಸ್ಟಿಕ್ ಫೈಲಿನ ರಟ್ಟು ಒಳ್ಳೆಯದು. ಶೂ ಡಬ್ಬಿಯ ರಟ್ಟೂ ಆದೀತು, ಆದರೆ ಮಲೆನಾಡಿನ ಮಳೆಗಾಲಕ್ಕೆ ಅದು ಬಾಳುವುದಿಲ್ಲ. ಫ್ಲಾಷಿನ ಕಡೆ ಅದರ ತಲೆ ಬಿಗಿಯಾಗಿ ಕೂರುವಷ್ಟು, ಮುಂದಿನ ಕಡೆ 16 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ನಾಲ್ಕು ಪಟ್ಟಿ ಕತ್ತರಿಸಿ ಅಗಲದ ಟೇಪಿನಿಂದ ಜೋಡಿಸಿ. ಮುಂದಿನ ಬಾಯನ್ನು ಓರೆಯಾಗಿ ಕತ್ತರಿಸಿ, ಮೇಲಿನ ಅಂಚು ಉದ್ದ, ಕೆಳಗಿನದು ಗಿಡ್ಡ, ದನದ ಕೊಟ್ಟಿಗೆಯ ಮಾಡಿನ ಹಾಗೆ. ಒಳಗೋಡೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ಅಂಟಿಸುವ ಮೊದಲು ಅದನ್ನು ಮುದುಡಿ ಮತ್ತೆ ಬಿಡಿಸಿಕೊಳ್ಳಿ, ನುಣುಪಾಗಿದ್ದರೆ ಕನ್ನಡಿಯಂತೆ ಗೆರೆಗೆರೆಯಾಗಿ ಬೆಳಕು ಬೀಳುತ್ತದೆ.

ಇದರಲ್ಲಿ ಎರಡು ಪರದೆ ಬೇಕು. ಹೆಚ್ಚಿನವರು ಒಂದೇ ಹಾಕಿ, ಅದನ್ನೇ ದಪ್ಪ ಮಾಡಿ ಸೋಲುತ್ತಾರೆ. ಎಷ್ಟೇ ದಪ್ಪದ ಹಾಳೆ ಇರಲಿ, ಫ್ಲಾಷ್ ಹಿಂದಿನಿಂದ ನೇರ ಹೊಡೆದರೆ ನಡುವೆ ಒಂದು ಉರಿಯುವ ಗುಂಡು ಉಳಿದೇ ಉಳಿಯುತ್ತದೆ. ಹುಳದ ಬೆನ್ನಿನ ಮೇಲೆ ಕಾಣುವುದು ಆ ಗುಂಡೇ ಹೊರತು ನಿಮ್ಮ ದೊಡ್ಡ ಹಾಳೆಯಲ್ಲ. ಮೊದಲ ಪರದೆಯ ಕೆಲಸ ಬೆಳಕನ್ನು ಎರಡನೆಯದರ ಮೇಲೆ ಮೂಲೆಮೂಲೆಗೂ ಹಂಚುವುದು. ಎರಡನೆಯದರ ಕೆಲಸ ಹುಳಕ್ಕೆ ಆಕಾಶವಾಗುವುದು. ಹಾಗಾಗಿ ಅವುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಖಾಲಿ ಜಾಗ ಬಿಡಲೇಬೇಕು. ಒಂದಕ್ಕೊಂದು ಅಂಟಿಸಿದರೆ ಎರಡಿದ್ದೂ ಒಂದೇ.

ಮೊದಲ ಪರದೆಗೆ ಹೊಸ ಟಿವಿ, ಮಿಕ್ಸಿಗಳಿಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಬಹಳ ಚೆನ್ನ. ಅದನ್ನು ಸುರಂಗದ ನಡುವೆ, ಫ್ಲಾಷಿನ ಗಾಜಿನಿಂದ ಐದಾರು ಸೆಂಟಿಮೀಟರ್ ಮುಂದೆ ಕೂರಿಸಿ. ಅದರ ನಟ್ಟನಡುವೆ ಅದೇ ಫೋಮಿನ ಎರಡು ರೂಪಾಯಿ ನಾಣ್ಯದಷ್ಟು ತುಂಡು ಇನ್ನೊಂದನ್ನು ಅಂಟಿಸಿ. ಉರಿಗುಂಡಿಗೆ ಇದು ತಣ್ಣೀರು. ಎರಡನೆಯದಕ್ಕೆ ಹಾಲುಬಿಳುಪಿನ ಅರೆಪಾರದರ್ಶಕ ಪ್ಲಾಸ್ಟಿಕ್ ಫೈಲ್. ಅದನ್ನು ಚಪ್ಪಟೆಯಾಗಿ ಎಳೆದು ಕಟ್ಟಬೇಡಿ, ಹುಳದ ಕಡೆಗೆ ಒಳಬಾಗಿರುವಂತೆ, ಕೊಡೆಯ ಒಳಮೈ ತರಹ ಬಗ್ಗಿಸಿ ಕೂರಿಸಿ. ಎರಡು ಪಕ್ಕಗಳು ಲೆನ್ಸಿನ ಆಚೀಚೆ ಇಷ್ಟು ಇಳಿದಿದ್ದರೆ ಬೆಳಕು ಹುಳದ ಪಕ್ಕೆಗೂ ತಲುಪುತ್ತದೆ. ಟ್ರೇಸಿಂಗ್ ಪೇಪರ್ ಇದಕ್ಕಿಂತ ಮೃದುವಾದ ಬೆಳಕು ಕೊಡುತ್ತದೆ, ಸುಳ್ಳಲ್ಲ. ನನ್ನ ಮೊದಲ ಡಿಫ್ಯೂಸರ್ ಅದರದ್ದೇ ಆಗಿತ್ತು. ಜುಲೈಯ ಒಂದು ಬೆಳಗ್ಗೆ ತೋಟಕ್ಕೆ ಹೋಗಿ ಹತ್ತು ನಿಮಿಷದಲ್ಲಿ ಎಣ್ಣೆ ಕಾಣದ ಹಪ್ಪಳದಂತೆ ಮುದುಡಿ ಲೆನ್ಸಿನ ಮೇಲೆ ಮಲಗಿತು. ಬೇಸಿಗೆಗೆ ಅದು, ಮಳೆಗಾಲಕ್ಕೆ ಪ್ಲಾಸ್ಟಿಕ್ಕು.

ಫೆವಿಕಾಲ್ ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಎರಡೂ ಬದಿ ಅಂಟುವ ಟೇಪ್ ಬಳಸಿ. ಸುರಂಗವನ್ನು ಫ್ಲಾಷಿಗೆ ಬಿಗಿಯಲು ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಳೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಫ್ಲಾಷಿನ ಜೂಮನ್ನು ಅತಿ ಅಗಲಕ್ಕೆ ಇಡಿ, ತಲೆಯೊಳಗೆ ಅಡಗಿರುವ ಪಾರದರ್ಶಕ ಅಗಲ ಹಲಗೆಯನ್ನು ಎಳೆದು ಮುಂದೆ ಮುಚ್ಚಿ. ಗಾಜಿಗೆ ಕಪ್ಪು ಪ್ಲಾಸ್ಟಿಕ್ ತಾಗದಿರಲಿ. ಪೂರ್ತಿ ಶಕ್ತಿಯಲ್ಲಿ ಒಂದರ ಹಿಂದೆ ಒಂದು ಮಿಂಚಿಸಿದರೆ ಅದು ಕರಗುವಷ್ಟು ಬಿಸಿಯಾಗುತ್ತದೆ.

ಮಾಡಿ ಮುಗಿಸಿದ ಮೇಲೆ ನೇರ ತೋಟಕ್ಕೆ ಓಡಬೇಡಿ. ಸೈಕಲ್ ರಿಪೇರಿ ಅಂಗಡಿಯಲ್ಲಿ ಹಿಂದಿನ ಚಕ್ರದ ಬೇರಿಂಗ್ ಗುಂಡು ಒಂದು ಕೇಳಿ ತನ್ನಿ, ಸುಮಾರು 6 ಮಿ.ಮೀ. ಇರುತ್ತದೆ. ಮೇಜಿನ ಮೇಲೆ ಒಂದು ಚಿಟಿಕೆ ಹಿಟ್ಟಿನಲ್ಲಿ ಅದನ್ನು ಕೂರಿಸಿ ಒಂದಕ್ಕೆ ಒಂದರಲ್ಲಿ ಫೋಟೊ ತೆಗೆಯಿರಿ. ಆ ಉಕ್ಕಿನ ಗುಂಡಿನಲ್ಲಿ ನಿಮ್ಮ ಡಿಫ್ಯೂಸರ್ ಹೇಗಿದೆಯೋ ಹಾಗೆ ಕಾಣುತ್ತದೆ. ನಡುವೆ ಉರಿ ಇದೆಯೋ, ಅಂಚಿಗೆ ಬೆಳಕು ತಲುಪಿದೆಯೋ, ಟೇಪಿನ ಗೆರೆ ಬಿದ್ದಿದೆಯೋ, ಏನನ್ನೂ ಅದು ಮುಚ್ಚಿಡುವುದಿಲ್ಲ. ನಡುವೆ ಉರಿ ಕಂಡರೆ ನಾಣ್ಯದ ತುಂಡನ್ನು ದೊಡ್ಡದು ಮಾಡಿ. ಅಂಚು ಕತ್ತಲಾದರೆ ಮೊದಲ ಪರದೆಯನ್ನು ಫ್ಲಾಷಿನ ಕಡೆಗೆ ಸರಿಸಿ. ನಾನು ಹೊಸ ಡಿಫ್ಯೂಸರ್ ಮಾಡಿದಾಗಲೆಲ್ಲ ಒಂದು ಸಂಜೆ ಇದಕ್ಕೇ ಹೋಗುತ್ತದೆ, ಹೋಗಬೇಕಾದದ್ದೇ. ಆಮೇಲೆ ಬಿಳಿ ಹಾಳೆಯದೊಂದು ಫೋಟೊ ತೆಗೆದು ಬಣ್ಣ ನೋಡಿ. ಬಟರ್ ಪೇಪರ್, ಹಳೆಯ ಪ್ಲಾಸ್ಟಿಕ್ ಹಳದಿ ತಿರುಗಿಸುತ್ತವೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆ ಹಾಳೆಯ ಮೇಲೆಯೇ ಹೊಂದಿಸಿಕೊಂಡರೆ ಅದೂ ತೊಂದರೆಯಲ್ಲ.

ಹುಳ ಸಿಗದ ದಿನ ಹುರುಳಿ ಕಾಳಿನ ಮೇಲೆ ಅಭ್ಯಾಸ ಮಾಡಿ. ಅದರ ಸಿಪ್ಪೆಯ ಹೊಳಪು ಜೀರುಂಡೆಯ ಬೆನ್ನಿಗೆ ತೀರಾ ಹತ್ತಿರ.

ಕ್ಯಾಮೆರಾವನ್ನು ಮ್ಯಾನುಯಲ್ಲಿಗೆ ಹಾಕಿ. ಶಟರ್ 1/200, ಕೆಲವು ಕ್ಯಾಮೆರಾಗಳಲ್ಲಿ 1/160 ಮೀರಬಾರದು, ಮೀರಿದರೆ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಅಪರ್ಚರ್ ಎಫ್/11, ಐಎಸ್‌ಒ 200, ಫ್ಲಾಷ್ 1/16. ಒಂದು ಫೋಟೊ ತೆಗೆದು ಬೆಳಕು ಹೆಚ್ಚೋ ಕಡಿಮೆಯೋ ನೋಡಿ, ಫ್ಲಾಷಿನ ಶಕ್ತಿಯನ್ನು ಒಂದೊಂದೇ ಮೆಟ್ಟಿಲು, ಅಂದರೆ ಒಂದೊಂದೇ ಸ್ಟಾಪ್, ಬದಲಿಸಿ. ಸರಿಯಾದ ಸಂಖ್ಯೆ ಸಿಕ್ಕಿದ ಮೇಲೆ ಅದನ್ನು ಒಂದು ಟೇಪಿನ ಮೇಲೆ ಬರೆದು ಫ್ಲಾಷಿನ ಬೆನ್ನಿಗೆ ಅಂಟಿಸಿಬಿಡಿ. ಎರಡು ಪಟ್ಟು ದೊಡ್ಡದು ಮಾಡಿದಾಗ ಎಫ್/11 ಎಂಬುದು ಎಫ್/33 ಆಗುತ್ತದೆ, ಆಗ ಒಂದು ಮೆಟ್ಟಿಲು ಏರಿಸಿ. ಆಳ ಹೆಚ್ಚಲಿ ಎಂದು ಅಪರ್ಚರನ್ನು ಎಫ್/22ಕ್ಕೆ ಒಯ್ಯುವ ಚಪಲ ಎಲ್ಲರಿಗೂ ಒಮ್ಮೆ ಬರುತ್ತದೆ. ಒಂದಕ್ಕೆ ಒಂದರಲ್ಲಿ ಅದು ಎಫ್/44. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಿಕಾನಿನ ಮೈಕ್ರೊ ಲೆನ್ಸುಗಳಾದರೆ ಈ ನಿಜವಾದ ಸಂಖ್ಯೆಯನ್ನೇ ತೋರಿಸುತ್ತವೆ. ಟ್ಯೂಬ್ ಹಾಕಿದವರು ತಾವೇ ಲೆಕ್ಕ ಇಟ್ಟುಕೊಳ್ಳಬೇಕು.

ನಿಮ್ಮ ಟ್ಯೂಬುಗಳಲ್ಲಿ ಲೋಹದ ಸಂಪರ್ಕ ಚುಕ್ಕೆಗಳಿವೆಯೇ ಎಂದು ನೀವು ಬರೆದಿಲ್ಲ. ಇಲ್ಲದ ಅಗ್ಗದ ಟ್ಯೂಬಾದರೆ ಕ್ಯಾನನ್ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ. ಲೆನ್ಸನ್ನು ನೇರ ಕ್ಯಾಮೆರಾಕ್ಕೆ ಹಾಕಿ, ಎಫ್/11 ಇಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ (ಅಪರ್ಚರನ್ನು ಇಟ್ಟ ಸಂಖ್ಯೆಗೆ ಕಿರಿದು ಮಾಡಿ ತೋರಿಸುವ ಗುಂಡಿ) ಒತ್ತಿ ಹಿಡಿದುಕೊಂಡೇ ಲೆನ್ಸ್ ತಿರುಗಿಸಿ ತೆಗೆದರೆ ಅದು ಅಲ್ಲೇ ನಿಲ್ಲುತ್ತದೆ. ಆಗ ವ್ಯೂಫೈಂಡರ್ ಕತ್ತಲಾಗುವುದರಿಂದ ಮೊದಲು ಹೇಳಿದ ಸಣ್ಣ ಟಾರ್ಚನ್ನು ಲೆನ್ಸಿನ ಪಕ್ಕಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಳ್ಳಿ. ಅದರ ಬೆಳಕು ಚಿತ್ರದಲ್ಲಿ ಬೀಳುವುದಿಲ್ಲ.

ಹಿನ್ನೆಲೆ ಕಪ್ಪಾಗುವುದು ಮುಂದಿನ ದೂರು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಬೆಳಕಿನಿಂದ ಹುಳಕ್ಕೆ 15 ಸೆಂ.ಮೀ., ಹಿಂದಿನ ಎಲೆಗೆ 60 ಸೆಂ.ಮೀ. ಎಂದರೆ ದೂರ ನಾಲ್ಕು ಪಟ್ಟು, ಬೆಳಕು ಹದಿನಾರರಲ್ಲಿ ಒಂದು. ಹಗಲಲ್ಲೂ ರಾತ್ರಿಯ ಚಿತ್ರ. ಕೆಲವರಿಗೆ ಅದು ಇಷ್ಟ. ನನಗೆ ತೋಟದ ಹಸಿರು ಬೇಕು. ಹುಳದ ಹಿಂದೆ ಒಂದು ಗೇಣಿನೊಳಗೆ ಎಲೆ ಬರುವ ಕೋನ ಹುಡುಕುತ್ತೇನೆ. ಸಿಗದಿದ್ದರೆ ಉದುರಿದ ಒಂದು ಅಗಲದ ಎಲೆಯನ್ನು ಎಡಗೈಯಲ್ಲಿ ಹಿಂದೆ ಹಿಡಿಯುತ್ತೇನೆ. ಆಕಾಶದ ಬಿಳುಪು ಬೇಕೆಂದರೆ ಐಎಸ್‌ಒ 800, ಶಟರ್ 1/60 ಮಾಡಿ, ಫ್ಲಾಷನ್ನು ಎರಡು ಮೆಟ್ಟಿಲು ಇಳಿಸಿ. ಹುಳದ ಹೊಟ್ಟೆಯ ಕೆಳಗೆ ಕತ್ತಲಿದ್ದರೆ ಲೆನ್ಸಿನ ಕೆಳತುಟಿಗೆ ಹಳೆ ಮದುವೆ ಕಾರ್ಡಿನ ಬಿಳಿ ತುಂಡೊಂದನ್ನು ಮುಂದಕ್ಕೆ ಚಾಚಿ ಅಂಟಿಸಿ, ಮೇಲಿನ ಬೆಳಕು ಅದರಿಂದ ಪುಟಿದು ಒಳಗೆ ಹೋಗುತ್ತದೆ.

ಜೋಡಿ ಫ್ಲಾಷ್, ರಿಂಗ್ ಫ್ಲಾಷ್ ಇಲ್ಲದ್ದಕ್ಕೆ ಬೇಸರ ಬೇಡ. ರಿಂಗ್ ಫ್ಲಾಷನ್ನು 1952ರಲ್ಲಿ ಲೆಸ್ಟರ್ ಡೈನ್ ಮಾಡಿದ್ದು ಹಲ್ಲಿನ ಫೋಟೊ ತೆಗೆಯಲು. ಬಾಯೊಳಗೆ ಎಲ್ಲೂ ನೆರಳು ಬೀಳಬಾರದು, ಅಲ್ಲಿಗೆ ಅದು ಸರಿ. ಜೇಡದ ಮುಖಕ್ಕೆ ನೆರಳೇ ಇಲ್ಲದಿದ್ದರೆ ಉಬ್ಬುತಗ್ಗು ಕಾಣದೆ ಅಪ್ಪಚ್ಚಿಯಾಗುತ್ತದೆ, ಮೇಲಾಗಿ ಪ್ರತಿ ಕಣ್ಣಿನಲ್ಲೂ ಒಂದೊಂದು ಬಳೆ. ಜೋಡಿ ಫ್ಲಾಷಿನಲ್ಲಿ ಪ್ರತಿ ಕಣ್ಣಿಗೆ ಎರಡೆರಡು ದೀಪ. ಅವನ್ನು ಕೊಂಡವರೂ ಕೊನೆಗೆ ಫೋಮ್ ಹಾಳೆ ಹುಡುಕಿಕೊಂಡೇ ಬರುತ್ತಾರೆ.

ಮೆತ್ತನೆ ಬೆಳಕಿನಿಂದ ಏನು ಲಾಭ ಎಂದು ತಿಳಿಯಬೇಕಾದರೆ ನಿಮ್ಮ ತೋಟದ ಚಗಳಿ ಗೂಡಿನ ಹತ್ತಿರ ಹೋಗಿ ನಿಲ್ಲಿ. ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆಗಳ ನಡುವೆ ಅವುಗಳದ್ದೇ ವೇಷ ಹಾಕಿದ ಜಿಗಿಯುವ ಜೇಡವೊಂದು ಓಡಾಡುತ್ತಿರುತ್ತದೆ. ಇರುವೆಯಂತೆಯೇ ನಡು ಸಣ್ಣ, ತಲೆಯ ಪಕ್ಕದಲ್ಲಿ ಇರುವೆಗಣ್ಣಿನಂತಹ ಕಪ್ಪು ಚುಕ್ಕೆ. ನಿಜವಾದ ಕಣ್ಣುಗಳು ಬೇರೆಯೇ ಇವೆ. ಬರಿ ಫ್ಲಾಷಿನಲ್ಲಿ ತೆಗೆದರೆ ಬೆನ್ನಿನ ಹೊಳಪಿನಲ್ಲಿ ಇದೆಲ್ಲ ಅಳಿಸಿಹೋಗಿ ಇನ್ನೊಂದು ಇರುವೆಯಾಗಿಯೇ ಉಳಿಯುತ್ತದೆ. ಡಿಫ್ಯೂಸರ್ ಹಾಕಿದರೆ ಸುಳ್ಳು ಕಣ್ಣು ಯಾವುದು, ನಿಜದ್ದು ಯಾವುದು ಎಂದು ಮೊಬೈಲ್ ಪರದೆಯಲ್ಲೂ ತೋರಿಸಬಹುದು. ಇನ್ನೊಂದು ಕಠಿಣ ಪರೀಕ್ಷೆ ಗೆಣಸಿನ ಬಳ್ಳಿಯ ಮೇಲೆ ಸಿಗುವ ಹೊಂಬಣ್ಣದ ಆಮೆ ಜೀರುಂಡೆ. ಅದರ ಚಿನ್ನ ಬದುಕಿರುವಾಗ ಮಾತ್ರ, ಸತ್ತ ಮೇಲೆ ಮಂಕಾಗುತ್ತದೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೊ ತೆಗೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಬೆಳಗಿನ ಜಾವ ಇಬ್ಬನಿಯ ತಂಪಿಗೆ ಅವು ತಾವಾಗಿಯೇ ಮಂದವಾಗಿರುತ್ತವೆ, ಆಗ ಹೋಗಿ.

ಚಗಳಿಯ ಹತ್ತಿರ ಹೋಗುವಾಗ ಡಿಫ್ಯೂಸರನ್ನು ಕೊಂಬೆಗೆ ತಾಗಿಸಬೇಡಿ. ಅವಕ್ಕೆ ಅದೊಂದು ಒಳ್ಳೆಯ ಸೇತುವೆ. ಒಮ್ಮೆ ನಾನು ವ್ಯೂಫೈಂಡರಿನಲ್ಲಿ ಮುಳುಗಿದ್ದಾಗ ಏಳೆಂಟು ಇರುವೆಗಳು ಸುರಂಗದ ಮೇಲೆ ಸಾಲಾಗಿ ನಡೆದು, ಫ್ಲಾಷ್ ದಾಟಿ, ನೇರ ನನ್ನ ಕುತ್ತಿಗೆಗೆ ಇಳಿದವು. ಆ ದಿನ ಸಿಕ್ಕ ಏಕೈಕ ಚಿತ್ರ ಆಕಾಶದ್ದು.

ಫ್ಲಾಷ್ ಬರುವವರೆಗೆ ಸುಮ್ಮನೆ ಕೂರುವುದೂ ಬೇಡ. ಇದೇ ಸುರಂಗದ ಸಣ್ಣ ರೂಪವನ್ನು ನಿಮ್ಮ ಪಾಪ್‌ಅಪ್ ಫ್ಲಾಷಿಗೆ ಮಾಡಿ ನೋಡಿ. ಅದರ ಗೈಡ್ ನಂಬರ್ 12ರ ಆಸುಪಾಸು, ಡಿಫ್ಯೂಸರ್ ದಾಟಿದ ಮೇಲೆ ನಾಲ್ಕು ಉಳಿದೀತು, ಬೇಕಾದದ್ದು 3.3. ಅಂಚಿನಲ್ಲಿ ಪಾಸ್. ಪ್ರತಿ ಸಲ ಹೆಚ್ಚು ಕಡಿಮೆ ಪೂರ್ತಿ ಶಕ್ತಿ ಖರ್ಚಾಗಿ ಎರಡು ಚಿತ್ರಗಳ ನಡುವೆ ಕಾಯಬೇಕಾಗುತ್ತದೆ, ಕ್ಯಾಮೆರಾದ ಬ್ಯಾಟರಿಯೂ ಬೇಗ ಇಳಿಯುತ್ತದೆ, ಆದರೆ ಲೆನ್ಸಿನ ನೆರಳು ಹೋಗುತ್ತದೆ, ಸುಣ್ಣದ ಚುಕ್ಕೆಯೂ. ಖರ್ಚು ಒಂದು ಫೈಲು, ಒಂದು ತುಂಡು ಫೋಮ್. ಬೇರಿಂಗ್ ಗುಂಡಿನ ಫೋಟೊ ಹೇಗೆ ಬಂತು ಎಂದು ಬರೆಯಿರಿ, ಉಳಿದದ್ದನ್ನು ಅದನ್ನು ನೋಡಿ ಹೇಳುತ್ತೇನೆ.